ಹದಿನಾರನೆಯ ಕಿಲೋಮೀಟರ್

ಊರಿಗೆ ಹೋದಾಗಲೆಲ್ಲ ಖಜೂರಿಯ ಚಹಾದಂಗಡಿಯಲ್ಲಿ ಪೇಪರ್ ಜೋರಾಗಿ ಓದುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಕನ್ನಡಕ ಮನೆಯಲ್ಲಿ ಬಿಟ್ಟು ಬರುವ ಮುತ್ಯಾಗಳು ಅಲ್ಲಿ ಬಹಳ. ಒಂದು ದಿನ ಕೈಗಾ ಅಣು ವಿದ್ಯುತ್ ಸ್ಥಾವರದ ಅಣಕು ಕಾರ್ಯಾಚರಣೆಯ ಸುದ್ದಿ ಓದುತ್ತಿದ್ದೆ. ಸ್ಥಾವರದ ಸುತ್ತ 16 ಕಿಲೋಮೀಟರ್‌ವರೆಗಿನ ಊರುಗಳಿಗೆ ತುರ್ತು ಯೋಜನೆ ಇರುತ್ತದೆ ಅನ್ನುವಲ್ಲಿಗೆ ಬಂದಾಗ ಒಬ್ಬ ಮುತ್ಯಾ ಕೈ ಎತ್ತಿ ತಡೆದ.

"ಹದಿನಾರೇ ಯಾಕ? ಗಾಳಿಗಿ ಮೈಲಗಲ್ಲ ಕಾಣಸ್ತದೇನೋ ತಮ್ಮಾ?"

ಮುತ್ಯಾನಿಗೆ ನಕಾಶೆಯ ಗೆರೆಗಳ ಮೇಲೆ ನಂಬಿಕೆ ಇಲ್ಲ, ಅದಕ್ಕೆ ಕಾರಣವೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಗಡಿಯಾಚೆ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಲ್ಲು-ಮಣ್ಣಿನ ಗೋಡೆಗಳು, ಭಾರದ ಮಣ್ಣಿನ ಮಾಳಿಗೆಗಳು ಮಲಗಿದವರ ಮೇಲೆಯೇ ಕುಸಿದವು. ಸತ್ತವರು ಸುಮಾರು ಹತ್ತು ಸಾವಿರ. ಅಂದಿನ ಭೂಕಂಪ ನಕಾಶೆಯಲ್ಲಿ ಆ ಸೀಮೆ ಇದ್ದದ್ದು ವಲಯ 1ರಲ್ಲಿ, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಜಾಗದಲ್ಲಿ. ಮುಂದೆ ಆ ವಲಯವನ್ನೇ ನಕಾಶೆಯಿಂದ ತೆಗೆದುಹಾಕಿದರು. ಅದರಿಂದಾಚೆ ಎಷ್ಟೋ ದಿನ ಅಂಗಳದಲ್ಲೇ ಮಲಗಿದ ಮನುಷ್ಯ ನಮ್ಮ ಮುತ್ಯಾ. ಕೇಳಿದ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕುವ ಹಾಗಿರಲಿಲ್ಲ.

ಹುಡುಕುತ್ತ ಹೋದರೆ ಹದಿನಾರರ ಬೇರು ಅಮೆರಿಕದಲ್ಲಿ ಸಿಗುತ್ತದೆ. 1970ರ ದಶಕದಲ್ಲಿ ಅಲ್ಲಿನ ರಾಜ್ಯಗಳ ಅಧಿಕಾರಿಗಳು, ಎಂಥ ಅಪಘಾತಕ್ಕೆ ನಾವು ತಯಾರಿರಬೇಕು, ಎಷ್ಟು ದೂರದವರೆಗೆ, ಎಂದು ಕೇಂದ್ರವನ್ನು ಕೇಳಿದರು. ಅಣುಶಕ್ತಿ ನಿಯಂತ್ರಣ ಆಯೋಗ ಮತ್ತು ಪರಿಸರ ಸಂಸ್ಥೆಯ ಜಂಟಿ ತಂಡ ಕೂತು ಲೆಕ್ಕ ಹಾಕಿ 1978ರ ಡಿಸೆಂಬರ್‌ನಲ್ಲಿ ಉತ್ತರ ಕೊಟ್ಟಿತು: ಗಾಳಿಯಲ್ಲಿ ಬರುವ ವಿಕಿರಣಕ್ಕೆ 10 ಮೈಲಿ, ಹಾಲು-ನೀರು-ಬೆಳೆಗೆ 50 ಮೈಲಿ. ಹತ್ತು ಮೈಲಿ ಅಂದರೆ ನಮ್ಮ ಹದಿನಾರು ಕಿಲೋಮೀಟರ್. ವಿನ್ಯಾಸದಲ್ಲಿ ಊಹಿಸಿದ ಅಪಘಾತಗಳಲ್ಲಿ ಹೆಚ್ಚಿನವುಗಳ ಕಾಟ ಅಷ್ಟರೊಳಗೇ ಮುಗಿಯುತ್ತದೆ, ಅದನ್ನೂ ಮೀರಿದರೆ ಅಷ್ಟರ ತಯಾರಿಯನ್ನೇ ಬುನಾದಿ ಮಾಡಿಕೊಂಡು ಮುಂದೆ ಹಿಗ್ಗಿಸಬಹುದು ಎಂಬುದು ಅವರ ವಾದ. ಅದು ಬೇಲಿ ಅಲ್ಲ, ಕೆಲಸ ಶುರು ಮಾಡುವ ಜಾಗ. ಈ ಎರಡನೆಯ ಮಾತು ಆಮೇಲೆ ಎಲ್ಲರಿಗೂ ಮರೆತುಹೋಯಿತು, ಸಂಖ್ಯೆ ಮಾತ್ರ ಉಳಿಯಿತು.

ಆ ವರದಿ ಕಾಗದದ ಮೇಲೇ ಇತ್ತು. ನಾಲ್ಕು ತಿಂಗಳು ತುಂಬುವ ಮೊದಲೇ, 1979ರ ಮಾರ್ಚ್ 28ರಂದು, ಪೆನ್ಸಿಲ್ವೇನಿಯಾದ ತ್ರೀ ಮೈಲ್ ಐಲೆಂಡ್‌ನಲ್ಲಿ ಅಣುಸ್ಥಾವರದ ಗರ್ಭ ಅರ್ಧದಷ್ಟು ಕರಗಿತು. ನನಗೆ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಕಾಡುವುದು ಮೂರನೆಯ ದಿನ, ಮಾರ್ಚ್ 30ರ ಬೆಳಗ್ಗೆ. ಆಯೋಗದ ಮುಖ್ಯ ಕಚೇರಿಯಲ್ಲಿ ಒಬ್ಬರು, ಅನಿಲ ಹೀಗೆ ಸೋರಿದರೆ ನೆಲದ ಮಟ್ಟದಲ್ಲಿ ಎಷ್ಟು ವಿಕಿರಣ ಬಂದೀತು ಎಂದು ಲೆಕ್ಕ ಹಾಕಿದರು. ಉತ್ತರ ಗಂಟೆಗೆ 1200 ಮಿಲಿರೆಮ್. ಅಷ್ಟರಲ್ಲಿ ಸ್ಥಾವರದ ಕಡೆಯಿಂದ ಫೋನಿನಲ್ಲಿ ಸುದ್ದಿ ಬಂತು, ಅಳೆದು ನೋಡಿದ್ದೇವೆ, 1200 ಇದೆ. ಲೆಕ್ಕವೂ ಅಳತೆಯೂ ತಾಳೆಯಾದ ಮೇಲೆ ಇನ್ನೇನು ಬೇಕು? ಜನರನ್ನು ತೆರವು ಮಾಡಿ ಎಂಬ ಸಲಹೆ ಹೊರಟಿತು. ಆ ಅಳತೆ ತೆಗೆದದ್ದು ಊರಿನಲ್ಲಲ್ಲ, ಚಿಮಣಿಯ ನೆತ್ತಿಯ ಮೇಲೆ ಹಾರುತ್ತಿದ್ದ ಹೆಲಿಕಾಪ್ಟರಿನಲ್ಲಿ. ಎಲ್ಲಿ ಅಳೆದಿರಿ ಎಂಬ ಒಂದು ಮಾತು ಕೇಳಬೇಕಾದವರು ಕೇಳಲಿಲ್ಲ.

ಗವರ್ನರ್ ಕೊನೆಗೆ ಐದು ಮೈಲಿಯೊಳಗಿನ ಗರ್ಭಿಣಿಯರು, ಸಣ್ಣ ಮಕ್ಕಳು ಹೋಗಲಿ ಅಂದರು. ಹೋದವರು ಸುಮಾರು 1,44,000 ಮಂದಿ. ಐದು ಮೈಲಿಯ ಯೋಜನೆ ಇಟ್ಟುಕೊಂಡಿದ್ದ ಸುತ್ತಲಿನ ಜಿಲ್ಲೆಗಳವರು ಆ ಶನಿವಾರ-ಭಾನುವಾರ ಕೂತು ಹತ್ತು ಮೈಲಿಗೆ, ಆಮೇಲೆ ಇಪ್ಪತ್ತು ಮೈಲಿಗೆ ಯೋಜನೆ ಬರೆದರು. ಅಪಘಾತ ನಡೆಯುತ್ತಿರುವಾಗಲೇ!

ಅಣಕು ಕವಾಯತು ಕಾನೂನಾದದ್ದು ಇಲ್ಲಿಂದ. ಅಪಘಾತದ ತನಿಖೆ ನಡೆಸಿದ ಕೆಮೆನಿ ಆಯೋಗ ಅದೇ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. 1980ರಲ್ಲಿ ಹೊಸ ನಿಯಮ ಬಂತು: ಊರಿನ ಯೋಜನೆ ಇಲ್ಲದೆ, ಅದನ್ನು ಆಡಿ ತೋರಿಸದೆ, ಸ್ಥಾವರಕ್ಕೆ ಪರವಾನಗಿ ಇಲ್ಲ. ಆಡುವಾಗ ಹೊರಗಿನವರು ನಿಂತು ನೋಡಬೇಕು, ತಪ್ಪು ಬರೆಯಬೇಕು, ತಿದ್ದಿದ್ದಾರೋ ಇಲ್ಲವೋ ಮತ್ತೆ ನೋಡಬೇಕು. ಈ ನಿಯಮದ ಹಲ್ಲು ಎಷ್ಟು ಗಟ್ಟಿ ಎಂದು ಗೊತ್ತಾದದ್ದು ನ್ಯೂಯಾರ್ಕ್ ಬಳಿಯ ಶೋರ್‌ಹ್ಯಾಮ್‌ನಲ್ಲಿ. ಲಾಂಗ್ ಐಲೆಂಡ್‌ನಿಂದ ಜನ ಹೊರಗೆ ಹೋಗಲು ದಾರಿಯೇ ಸಾಲದು ಎಂದು ಅಲ್ಲಿನ ಜಿಲ್ಲಾಡಳಿತ 1983ರಲ್ಲಿ ಯೋಜನೆಯಿಂದ ಕೈ ತೆಗೆಯಿತು. 1986ರ ಅಣಕು ಕಾರ್ಯಾಚರಣೆಯಲ್ಲಿ ಜಿಲ್ಲೆಯವರು ಮಾಡಬೇಕಾದ ಕೆಲಸವನ್ನೂ ವಿದ್ಯುತ್ ಕಂಪನಿಯವರೇ ಮಾಡಬೇಕಾಯಿತು. ಕಟ್ಟಿ ಮುಗಿಸಿದ್ದ ಆ ಸ್ಥಾವರ ಒಂದು ದಿನವೂ ವ್ಯಾಪಾರಕ್ಕೆಂದು ಕರೆಂಟ್ ಕೊಡಲಿಲ್ಲ.

ನಮ್ಮಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಹುಟ್ಟಿದ್ದು 1983ರ ನವೆಂಬರ್ 15ರಂದು. ಇಲ್ಲಿನ ಕವಾಯತಿನ ಲೆಕ್ಕ ಹೀಗಿದೆ: ಸ್ಥಾವರದೊಳಗಿನ ತುರ್ತಿನ ಕವಾಯತು ಮೂರು ತಿಂಗಳಿಗೊಮ್ಮೆ, ಇಡೀ ಆವರಣದ್ದು ವರ್ಷಕ್ಕೊಮ್ಮೆ, ಆವರಣದ ಹೊರಗಿನ ಊರುಗಳದ್ದು ಎರಡು ವರ್ಷಕ್ಕೊಮ್ಮೆ. ಗೇಟಿನೊಳಗೆ ಸ್ಥಾವರದವರ ಹೊಣೆ, ಗೇಟು ದಾಟಿದರೆ ಜಿಲ್ಲಾಧಿಕಾರಿಯದ್ದು. ಕೈಗಾ ಅಂದರೆ ಕಾಳಿ ನದಿಯ ದಂಡೆ, 220 ಮೆಗಾವಾಟ್‌ನ ನಾಲ್ಕು ಘಟಕ, ಸುತ್ತ ಕಾಡು-ಗುಡ್ಡ. ಅಲ್ಲಿ ತುರ್ತಾದರೆ ಹೊರಗಿನ ಹೊಣೆ ಕಾರವಾರದ ಕಚೇರಿಯ ಮೇಜಿಗೆ ಬರುತ್ತದೆ.

2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಬೇರೆಯೇ ಬಗೆಯ ಘಟನೆ ನಡೆಯಿತು. ಕೆಲಸಗಾರರ ಮೂತ್ರದ ಮಾಮೂಲಿ ತಪಾಸಣೆಯಲ್ಲಿ ಐವತ್ತಕ್ಕೂ ಹೆಚ್ಚು ಜನರಲ್ಲಿ ವಿಕಿರಣ ಸೂಸುವ ಟ್ರಿಟಿಯಂ ಕಂಡಿತು. ಯಂತ್ರದ ಸೋರಿಕೆ ಎಲ್ಲೂ ಇಲ್ಲ. ಒಬ್ಬೊಬ್ಬರದೂ ದಾರಿ ಹಿಂದಕ್ಕೆ ಹಿಡಿದು ಹೋದರೆ ಸಿಕ್ಕದ್ದು ಕುಡಿಯುವ ನೀರಿನ ಕೂಲರ್. ಯಾರೋ ಬೇಕೆಂದೇ ಅದರಲ್ಲಿ ಟ್ರಿಟಿಯಂ ಇದ್ದ ಭಾರಜಲ ಬೆರೆಸಿದ್ದರು. ಇಂಥದ್ದು ಯಾವ ಕವಾಯತಿನ ಚೀಟಿಯಲ್ಲಿ ಬರೆದಿರುತ್ತದೆ? ಹಿಡಿದುಕೊಟ್ಟದ್ದು ಸೈರನ್ನಲ್ಲ, ಬೇಸರ ಬರುವಷ್ಟು ಸಲ ತಪ್ಪದೆ ಮಾಡಿದ ಮೂತ್ರ ತಪಾಸಣೆ.

ಆಮೇಲೆ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ. 2011ರ ಮಾರ್ಚ್ 11ರ ರಾತ್ರಿ ತೆರವಿನ ಗೆರೆ 3 ಕಿಲೋಮೀಟರ್, ಮರುದಿನ ಬೆಳಗ್ಗೆ 10, ಸಂಜೆಗೆ 20. ಗಾಳಿ ವಾಯವ್ಯಕ್ಕೆ ತಿರುಗಿ, ಸುಮಾರು 40 ಕಿಲೋಮೀಟರ್ ದೂರದ ಈತಾತೆ ಎಂಬ ಹಳ್ಳಿಯನ್ನೂ ಮುಂದೆ ಖಾಲಿ ಮಾಡಿಸಬೇಕಾಯಿತು. ಮುತ್ಯಾನ ಮಾತು ಅಕ್ಷರಶಃ ನಿಜವಾಯಿತು. ತುರ್ತು ನಿರ್ವಹಣೆಗೆಂದೇ ಕಟ್ಟಿದ ಕೇಂದ್ರ ಸ್ಥಾವರದಿಂದ 5 ಕಿಲೋಮೀಟರ್ ದೂರದಲ್ಲಿತ್ತು. ಅದರ ಗಾಳಿ ಸೋಸುವ ವ್ಯವಸ್ಥೆ ಸರಿಯಿಲ್ಲ ಎಂದು 2009ರಲ್ಲೇ ಸರ್ಕಾರಿ ಪರಿಶೀಲನೆ ಬರೆದಿಟ್ಟಿತ್ತು. ತಿದ್ದಿರಲಿಲ್ಲ. ಮಾರ್ಚ್ 15ರಂದು ಆ ಕೇಂದ್ರವನ್ನೇ ಬಿಟ್ಟು ಓಡಬೇಕಾಯಿತು.

ಅಂದರೆ ತಪ್ಪು ಗೊತ್ತಿತ್ತು, ಬರೆದೂ ಆಗಿತ್ತು. ನಮ್ಮ ಮಹಾಲೇಖಪಾಲರು, ಅಂದರೆ ಸಿಎಜಿ, 2012ರಲ್ಲಿ ಎಇಆರ್‌ಬಿಯ ಕೆಲಸವನ್ನು ತಪಾಸಣೆ ಮಾಡಿದಾಗ ಕೈಗೆ ಸಿಕ್ಕದ್ದೂ ಇದೇ ಎಳೆ. ಸ್ಥಾವರಗಳ ಒಳಗಿನ ಯೋಜನೆಗಳು ಇವೆ, ಅವುಗಳ ಪರೀಕ್ಷೆಯೂ ನಿಯಮಿತವಾಗಿ ನಡೆದಿದೆ. ಆದರೆ ಹೊರಗಿನ ಕವಾಯತುಗಳು ಸಿದ್ಧತೆ ಸಾಲದೆಂದು ತೋರಿಸಿಕೊಟ್ಟಿವೆ. ಮಂಡಳಿ ಸಲಹೆ ಬರೆಯಬಹುದಿತ್ತು, ಮಾಡಿಸುವ ಅಧಿಕಾರ ಆಗ ಅದಕ್ಕಿರಲಿಲ್ಲ. ಶೋರ್‌ಹ್ಯಾಮ್‌ನಲ್ಲಿ ಹಲ್ಲು ಇತ್ತು, ಇಲ್ಲಿ ಬಾಯಿ ಮಾತ್ರ ಎಂದು ನಾನು ಓದಿಕೊಂಡೆ. ಕವಾಯತು ಚೆನ್ನಾಗಿ ನಡೆಯಿತು ಎಂಬ ಸುದ್ದಿ ಓದಿದಾಗಲೆಲ್ಲ ಈಗ ನನಗೆ ಅನುಮಾನ ಬರುತ್ತದೆ. ಎಲ್ಲಿ ಕೆಟ್ಟಿತು ಎಂದು ಬರೆದಿದ್ದರೆ ನಂಬಿಕೆ ಬರುತ್ತಿತ್ತು.

ಮುಂದಿನ ಸಲ ಊರಿಗೆ ಹೋದಾಗ ಇಷ್ಟನ್ನೂ ಮುತ್ಯಾನಿಗೆ ಹೇಳಿದೆ. ಹತ್ತು ಮೈಲಿ, ಹೆಲಿಕಾಪ್ಟರ್, ಕೂಲರ್, ಎಲ್ಲ. ಮುತ್ಯಾ ಬಸಿಯಲ್ಲಿದ್ದ ಚಹಾ ಮುಗಿಸಿ ಬೇರೆಯೇ ಕೇಳಿದ.

"ಕವಾಯತ್ ಎರಡ ವರ್ಷಕ್ಕೊಮ್ಮಿ ಅಂದಿ. ಡೀಸಿ ಸಾಹೇಬ್ರು ಒಂದೂರಾಗ ಎಷ್ಟ ದಿನ ಇರ್ತಾರ?"

"ವರ್ಷ, ಭಾಳ ಅಂದ್ರ ಎರಡು ವರ್ಷ ಮುತ್ಯಾ."

"ಹಂಗಾರ ಹೋಗೋ ಸಾಹೇಬ ಬರೋ ಸಾಹೇಬಗ ಏನ್ ಹೇಳಿ ಹೋಗ್ತಾನ?"

ನನ್ನ ಬಳಿ ಉತ್ತರ ಇರಲಿಲ್ಲ. ಪೇಪರ್ ತಿರುವಿ ತೊಗರಿ ರೇಟು ಓದತೊಡಗಿದೆ.