ಬಾವಿಯ ಬಿಸಿಯಿಂದ ಪಂಪ್ ಓಡುವುದಿಲ್ಲ, ಏಕೆ?

ಧ್ವನಿ ಕೇಳಿಸ್ತಿದೆ ಅಂದ್ಕೊಳ್ತೀನಿ. ಇಂದಿನ ವಿಷಯ ಉಷ್ಣಗತಿವಿಜ್ಞಾನದ ಎರಡನೆಯ ನಿಯಮ. ಆದರೆ ಪುಸ್ತಕದಿಂದ ಶುರು ಮಾಡಲ್ಲ, ಕಂಬಂ ಕಣಿವೆಯ ಒಂದು ಬಾವಿಯಿಂದ ಶುರು ಮಾಡ್ತೀನಿ.

ತೇನಿ ಜಿಲ್ಲೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳು ತಲೆಮಾರುಗಳಿಂದ ಇವೆ. ನಮ್ಮದೂ ಅಂಥದ್ದೇ. ನನ್ನ ಸೋದರಮಾವನದು ಪನ್ನೀರ್ ದ್ರಾಕ್ಷಿ ತೋಟ. ಹೊಸ ಬಾವಿಗೆ ಕರೆಂಟ್ ಸಿಕ್ಕಿರಲಿಲ್ಲ, ಡೀಸೆಲ್ ಪಂಪಿಗೆ ದುಡ್ಡು ಸುರೀತಿದ್ದರು. ಆಗ ಒಬ್ಬ ಬಂದು, "ನಿಮ್ಮ ಬಾವಿ ನೀರಲ್ಲೇ ಬಿಸಿ ಇದೆ, ಅದನ್ನೇ ಹೀರಿ ಪಂಪ್ ಓಡಿಸೋ ಯಂತ್ರ ಕೊಡ್ತೀನಿ" ಅಂದ. ಮಾವ ಮುಂಗಡ ಕೊಟ್ಟರು. ಉಳಿದ ಹಣಕ್ಕೆ ಜಮೀನಿನ ಪತ್ರ ಅಡ ಇಡೋಕೆ ಹೊರಟಾಗ ನನಗೆ ಫೋನ್ ಮಾಡಿದರು.

"ಆಗಲ್ಲ ಮಾವ" ಅಂದೆ. "ಬಾವೀಲಿ ಬಿಸಿ ಇದೆಯೋ ಇಲ್ವೋ, ಅದನ್ನ ಹೇಳಪ್ಪಾ" ಅಂದರು.

ಇದೆ. ಅದೇ ತೊಡಕು. ಲೆಕ್ಕ ಹಾಕಿ: ಒಂದು ಲಕ್ಷ ಲೀಟರ್ ನೀರನ್ನು ಒಂದೇ ಡಿಗ್ರಿ ತಣ್ಣಗೆ ಮಾಡಿದರೆ ಹೊರಬರುವ ಶಕ್ತಿ ಸುಮಾರು 116 ಯೂನಿಟ್ ವಿದ್ಯುತ್ತಿಗೆ ಸಮ. 5 ಎಚ್‌ಪಿ ಪಂಪು ಸುಮಾರು ಒಂದು ದಿನ ಪೂರ್ತಿ ಓಡಬಹುದು. ಆ ಮನುಷ್ಯ ಶಕ್ತಿಯನ್ನು ಶೂನ್ಯದಿಂದ ಸೃಷ್ಟಿಸ್ತೀನಿ ಅನ್ನಲಿಲ್ಲ. ಹಾಗಾಗಿ ಮೊದಲನೆಯ ನಿಯಮ ಅವನನ್ನು ಹಿಡಿಯೋದಿಲ್ಲ. ಹಿಡಿಯೋದು ಎರಡನೆಯದು.

ಈಗ ಕಣಿವೆಯ ಮೇಲ್ತುದಿಗೆ ಬನ್ನಿ. 1895ರಲ್ಲಿ ಮುಗಿದ ಮುಲ್ಲಪೆರಿಯಾರ್ ಅಣೆಕಟ್ಟೆಯ ನೀರು ಸುರಂಗ ದಾಟಿ, ಕೊಳವೆಗಳಲ್ಲಿ ಇಳಿದು, ಲೋಯರ್ ಕ್ಯಾಂಪಿನಲ್ಲಿ ಟರ್ಬೈನ್ ತಿರುಗಿಸುತ್ತದೆ. ಒಂದು ಲೀಟರ್ ನೀರು 427 ಮೀಟರ್ ಕೆಳಗೆ ಬಿದ್ದರೆ ಸಿಗುವ ಶಕ್ತಿಯೂ, ಅದೇ ನೀರು ಒಂದು ಡಿಗ್ರಿ ತಣ್ಣಗಾದರೆ ಬಿಡುವ ಶಕ್ತಿಯೂ ಸಮ. ಮೊತ್ತ ಒಂದೇ. ವ್ಯತ್ಯಾಸ ಇರೋದು ಚಲನೆಯ ಶಿಸ್ತಿನಲ್ಲಿ. ಬೀಳುವ ನೀರಿನಲ್ಲಿ ಅಣುಗಳೆಲ್ಲ ಒಟ್ಟಾಗಿ ಕೆಳಗೆ ಸಾಗುತ್ತವೆ. ಬಾವಿಯ ನೀರಿನಲ್ಲಿ ಒಂದೊಂದು ಅಣು ಒಂದೊಂದು ದಿಕ್ಕಿಗೆ.

ಸಂತೆ ಮತ್ತು ತೇರು ನೆನೆಸಿಕೊಳ್ಳಿ. ಸಂತೆಯಲ್ಲಿ ಸಾವಿರ ಜನ ಓಡಾಡ್ತಾರೆ, ಬೆವರು ಸುರಿಸ್ತಾರೆ, ಆದರೆ ಪಕ್ಕದಲ್ಲಿ ನಿಂತ ತೇರು ಅಲುಗಲ್ಲ. ಅದೇ ಸಾವಿರ ಜನ ಹಗ್ಗ ಹಿಡಿದು ಒಂದೇ ಕಡೆ ಎಳೆದರೆ ತೇರು ಹೊರಡುತ್ತದೆ.

ಆಂಡಿಪಟ್ಟಿ ಸುತ್ತಲ ಗಾಳಿಯಂತ್ರಗಳೂ ಇದನ್ನೇ ಹೇಳುತ್ತವೆ. ನಿಶ್ಚಲ ಗಾಳಿಯಲ್ಲೂ ಅಣುಗಳ ವೇಗ ಸೆಕೆಂಡಿಗೆ ಸುಮಾರು 500 ಮೀಟರ್! ಆದರೂ ರೆಕ್ಕೆ ತಿರುಗಲ್ಲ, ಎರಡೂ ಬದಿಗೆ ಬೀಳುವ ಹೊಡೆತ ಸಮ. ಗಾಳಿ ಸೆಕೆಂಡಿಗೆ 10 ಮೀಟರ್ ಬೀಸಿದರೆ ಸಾಕು, ರೆಕ್ಕೆ ತಿರುಗುತ್ತದೆ.

"ಹಾಗಾದರೆ ಒಂದೇ ಕಡೆ ತಿರುಗುವ ಹಲ್ಲುಚಕ್ರ ಹಾಕಿದರೆ?" ಅಂತ ನೀವು ಕೇಳಬಹುದು. ಅಣುಗಳ ಏಟಿಗೆ ಅಲುಗುವಷ್ಟು ಚಿಕ್ಕ ಚಕ್ರ, ಹಿಂದೆ ತಿರುಗದಂತೆ ತಡೆಯುವ ಒಂದು ಕೊಕ್ಕೆ. 1912ರಲ್ಲಿ ಸ್ಮೊಲುಕೋವ್‌ಸ್ಕಿ, ಮುಂದೆ ಫೈನ್‌ಮನ್ ಇದನ್ನು ಪರಿಶೀಲಿಸಿದರು. ಚಕ್ರ ಅಷ್ಟು ಚಿಕ್ಕದಾದರೆ ಕೊಕ್ಕೆಯೂ ಅಷ್ಟೇ ಹಗುರ. ಅದೂ ಅದೇ ಬಿಸಿಯಲ್ಲಿ ನಡುಗಿ, ಆಗಾಗ ತಾನೇ ಮೇಲೆದ್ದು, ಚಕ್ರವನ್ನು ಹಿಂದಕ್ಕೂ ಬಿಡುತ್ತದೆ. ಎಲ್ಲವೂ ಒಂದೇ ಉಷ್ಣತೆಯಲ್ಲಿದ್ದರೆ ಮುಂದೆ ಹೋದಷ್ಟೇ ಹಿಂದೆ.

ಚಾಟ್‌ನಲ್ಲಿ ಒಬ್ಬರು ಮ್ಯಾಕ್ಸ್‌ವೆಲ್ 1867ರಲ್ಲಿ ಊಹಿಸಿದ "ಭೂತ"ದ ಬಗ್ಗೆ ಕೇಳಿದ್ದಾರೆ. ಬಾಗಿಲಲ್ಲಿ ನಿಂತು, ವೇಗದ ಅಣುಗಳನ್ನು ಒಂದು ಕಡೆ, ನಿಧಾನದವನ್ನು ಇನ್ನೊಂದು ಕಡೆ ಬಿಡುವ ಪುಟ್ಟ ಜೀವಿ ಅದು. ಒಳ್ಳೆ ಪ್ರಶ್ನೆ. ಅಣುಗಳನ್ನು ಆರಿಸಲು ಭೂತ ನೋಡಿದ್ದನ್ನು ನೆನಪಿಡಬೇಕು. ನೆನಪು ತುಂಬಿದ ಮೇಲೆ ಅಳಿಸಬೇಕು. ಅಳಿಸೋದಕ್ಕೆ ಕನಿಷ್ಠ ಶಾಖವ್ಯಯ ಇದ್ದೇ ಇದೆ ಎಂದು 1961ರಲ್ಲಿ ಲ್ಯಾಂಡಾವರ್ ತೋರಿಸಿದರು. ಗಳಿಸಿದ್ದೆಲ್ಲ ಅಲ್ಲಿ ಕಳೆಯುತ್ತದೆ ಎಂದು 1982ರಲ್ಲಿ ಬೆನೆಟ್ ವಿವರಿಸಿದರು.

ಹಾಗಂತ ಶಾಖದಿಂದ ಕೆಲಸವೇ ಆಗಲ್ಲ ಅಂತಲ್ಲ. ಡೀಸೆಲ್ ಎಂಜಿನ್ ಮಾಡೋದು ಅದನ್ನೇ. ಆದರೆ ಅದಕ್ಕೆ ಬಿಸಿ ಜಾಗದ ಜೊತೆ ತಣ್ಣನೆ ಜಾಗವೂ ಬೇಕು. ಕಾರ್ನೋ 1824ರಲ್ಲೇ ಹೇಳಿದ ಮಾತು. 35 ಡಿಗ್ರಿ ಗಾಳಿ, 27 ಡಿಗ್ರಿ ಬಾವಿ ನೀರು ಇವೆರಡರ ನಡುವೆ ಯಂತ್ರ ಇಟ್ಟರೂ, ಹೀರಿದ ಶಾಖದಲ್ಲಿ ಹೆಚ್ಚೆಂದರೆ 2.6 ಶೇಕಡಾ ಮಾತ್ರ ಕೆಲಸವಾಗುತ್ತದೆ. ಬರೀ ಬಾವಿಯೊಂದೇ ಇದ್ದರೆ ಸೊನ್ನೆ.

ಮಾವನಿಗೆ ಇಷ್ಟೆಲ್ಲ ಹೇಳಲಿಲ್ಲ. "ತಣ್ಣನೆ ಜಾಗ ಎಲ್ಲಿದೆ ಅಂತ ಅವನನ್ನು ಕೇಳಿ" ಅಂದೆ. ಕೇಳಿದರು. "ನಮ್ಮ ಯಂತ್ರಕ್ಕೆ ಅದು ಬೇಕಾಗಿಲ್ಲ" ಅಂದನಂತೆ. ಮುಂಗಡ ವಾಪಸು ಬರಲಿಲ್ಲ, ಆದರೆ ಪತ್ರ ಮನೆಯ ಪೆಟ್ಟಿಗೆಯಲ್ಲೇ ಉಳಿಯಿತು.

ಇಂಥ ಯಂತ್ರ ನಿಮ್ಮೂರಿಗೂ ಬರಬಹುದು, ಹೆಸರು ಬೇರೆ ಇರಬಹುದು. ಶಕ್ತಿ ಎಷ್ಟಿದೆ ಅಂತ ಕೇಳಿ ಸುಮ್ಮನಾಗಬೇಡಿ. ಬಿಸಿ ಎಲ್ಲಿಂದ, ಉಳಿದ ಬಿಸಿ ಎಲ್ಲಿಗೆ, ಎರಡನ್ನೂ ಕೇಳಿ. ಇನ್ನು ಪ್ರಶ್ನೆಗಳಿಗೆ ಹೋಗೋಣ.