ಹಸಿ ಬೀಜಕ್ಕೆ ಬಂದ ಎರಡನೇ ಗಿರಾಕಿ

ಧರ್ಮಸ್ಥಳದಿಂದ ಉಜಿರೆ, ಬೆಳ್ತಂಗಡಿ ಕಡೆಗೆ ಹೊರಟರೆ ದಾರಿಯುದ್ದಕ್ಕೂ ಅಡಿಕೆ ತೋಟ. ಒಳಹೊಕ್ಕರೆ ಅಲ್ಲಲ್ಲಿ ಅದರ ನೆರಳಿನಲ್ಲೇ ಬೆಳೆದ ಕೊಕ್ಕೊ ಗಿಡ, ಕಾಂಡಕ್ಕೇ ಅಂಟಿಕೊಂಡ ಹಳದಿ ಕಾಯಿ. ಒಂದೇ ಗೊಬ್ಬರ, ಒಂದೇ ನೀರು. ಮಾರಾಟದ ಗುಣ ಮಾತ್ರ ಬೇರೆ. ದರ ಬಿದ್ದರೆ ಚಾಲಿ ಅಡಿಕೆಯನ್ನು ಗೋಣಿ ಕಟ್ಟಿ ಅಟ್ಟಕ್ಕೆ ಹಾಕಬಹುದು, ಮುಂದಿನ ವರ್ಷ ಹಳೆ ಅಡಿಕೆಯೆಂದು ಹೆಚ್ಚಿಗೇ ಮಾರಬಹುದು. ಕೊಕ್ಕೊ ಹಾಗೆ ಕಾಯುವುದಿಲ್ಲ. ಕಾಯಿ ಒಡೆದು, ಬಿಳಿ ಲೋಳೆ ಮೆತ್ತಿದ ಬೀಜ ತೆಗೆದರೆ ಅದು ತಡಮಾಡದೆ ಖರೀದಿ ಕೇಂದ್ರ ಸೇರಬೇಕು. ಜಡಿಮಳೆಯಲ್ಲಿ ಅಂಗಳದಲ್ಲಿ ಒಣಗಿಸುವ ಮಾತೇ ಇಲ್ಲ. ಇಂಥ ಬೆಳೆಗೆ ಗಿರಾಕಿ ಒಬ್ಬನೇ ಆದರೆ ಅವನು ಹೇಳಿದ್ದೇ ದರ.

ಆಗಿದ್ದೂ ಅದೇ. ಕ್ಯಾಡ್‌ಬರಿ ಕಂಪನಿಯ ಪ್ರೋತ್ಸಾಹದಿಂದ ಕೇರಳ, ದಕ್ಷಿಣ ಕನ್ನಡದ ತೋಟಗಳಿಗೆ ಬಂದ ಬೆಳೆ ಇದು. 1980ರ ಹೊತ್ತಿಗೆ ಜಾಗತಿಕ ದರ ಕುಸಿಯಿತು, ಖಾಸಗಿ ಖರೀದಿ ಸೊರಗಿತು. ಎಷ್ಟೋ ಮಂದಿ ಗಿಡ ಕಡಿದು ಹಾಕಿದರು.

ಮಂಗಳೂರಿನಲ್ಲಿ ಆಗಲೇ ಕ್ಯಾಂಪ್ಕೊ ಇತ್ತು. ಅಡಿಕೆ ಧಾರಣೆ ನೆಲಕಚ್ಚಿದ ದಿನಗಳಲ್ಲಿ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಹುಟ್ಟಿದ ಸಹಕಾರಿ ಅದು. ಅಡಿಕೆಗೆಂದೇ ಕಟ್ಟಿದ ಸಂಸ್ಥೆ ಕೊಕ್ಕೊ ಖರೀದಿಗೂ ಇಳಿಯಿತು. ಆದರೆ ಕೊಂಡ ಬೀಜವನ್ನು ಯಾರಿಗೆ ಮಾರುವುದು? ದೇಶದೊಳಗೆ ಕೊಳ್ಳುವವರು ಬೆರಳೆಣಿಕೆಯ ಕಂಪನಿಗಳು. ಹೊರದೇಶದ ಮಾರುಕಟ್ಟೆಯೋ ಕುಸಿದು ಕೂತಿತ್ತು. ಉಳಿದದ್ದು ಒಂದೇ ದಾರಿ, ಚಾಕಲೇಟನ್ನು ತಾನೇ ತಯಾರಿಸುವುದು. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕಾರ್ಖಾನೆ ಎದ್ದಿತು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಜೈಲ್ ಸಿಂಗ್ ಉದ್ಘಾಟಿಸಿದರು.

ಯಂತ್ರ ನಿಲ್ಲಿಸುವುದಕ್ಕಿಂತ ಅಂಗಡಿಯ ಗಾಜಿನ ಭರಣಿಯಲ್ಲಿ ಜಾಗ ಗಿಟ್ಟಿಸುವುದು ಕಷ್ಟ. ಜಾಹೀರಾತಿಗೆ ಹಣ ಸುರಿಯುವ ಕಂಪನಿಗಳ ಎದುರು ರೈತರ ಸಂಸ್ಥೆ ಎಷ್ಟು ದಿನ ಸೆಣಸೀತು? ಕ್ಯಾಂಪ್ಕೊ ಇಲ್ಲಿ ಜಾಣತನ ತೋರಿತು. ತನ್ನ ಹೆಸರಿನ ಬಾರ್ ಮಾರುತ್ತಲೇ ನೆಸ್ಲೆಯಂಥ ಕಂಪನಿಗೂ ಚಾಕಲೇಟ್ ತಯಾರಿಸಿಕೊಟ್ಟಿತು. ಪ್ರತಿಸ್ಪರ್ಧಿಯೇ ಗಿರಾಕಿಯಾದ. ಇದನ್ನು ಸೋಲೆಂದವರೂ ಇದ್ದಾರು. ನನಗಂತೂ ಆ ಸಂಸ್ಥೆಯ ಅತ್ಯಂತ ವಿವೇಕದ ತೀರ್ಮಾನ ಇದೇ ಅನಿಸುತ್ತದೆ. ಬೆಳೆಗಾರನಿಗೆ ಬೇಕಿದ್ದುದು ಯಂತ್ರ ನಿಲ್ಲದಿರುವುದು. ಹೊದಿಕೆಯ ಮೇಲೆ ಯಾರ ಹೆಸರಿದ್ದರೇನು?

2024ರಲ್ಲಿ ಪಶ್ಚಿಮ ಆಫ್ರಿಕಾದ ಫಸಲು ಕೈಕೊಟ್ಟು ನ್ಯೂಯಾರ್ಕ್ ಪೇಟೆಯಲ್ಲಿ ಕೊಕ್ಕೊ ಟನ್ನಿಗೆ 10,000 ಡಾಲರ್ ದಾಟಿತು. ಭಾರತ ಇಂದಿಗೂ ಕೊಕ್ಕೊ ಆಮದು ಮಾಡಿಕೊಳ್ಳುವ ದೇಶ; ಕಡಿದ ಗಿಡಗಳ ಬೆಲೆ ಆಗ ತಿಳಿಯಿತು. ಮತ್ತೆ ನೆಡಲು ಹೊರಟವರು ದರಕ್ಕಿಂತ ಮೊದಲು ವಿಚಾರಿಸಬೇಕಾದ್ದು, ಹಸಿ ಬೀಜ ಹತ್ತಿರದಲ್ಲಿ ಎಲ್ಲಿ ತೆಗೆದುಕೊಳ್ಳುತ್ತಾರೆ, ವಾರದಲ್ಲಿ ಯಾವ ದಿನ ಎಂಬುದನ್ನು.