ಬೇಸಿಗೆಯ ಗುಡುಗು ಮಳೆ: ಹವಾಮಾನ ಎಚ್ಚರಿಕೆಯನ್ನು ತಾಳವಾಡಿಯವರು ಓದಬೇಕಾದ ಬಗೆ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬ ಮಾತು ತಾಳವಾಡಿ ಸೀಮೆಯ ರೈತರಿಗೆ ಹೊಸದಲ್ಲ. ಏಪ್ರಿಲ್ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಶ್ವಿನಿ, ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳನ್ನು ನಂಬಿಯೇ ನಾವು ಹೊಲ ಹಸನು ಮಾಡುತ್ತೇವೆ. ಆದರೆ ಇದೇ ಮಳೆ ಸಿಡಿಲು, ಬಿರುಗಾಳಿ, ಆಲಿಕಲ್ಲುಗಳನ್ನೂ ಹೊತ್ತು ತರುತ್ತದೆ. ಶಾಲೆಗೆ ರಜೆಯಿರುವ ಈ ದಿನಗಳಲ್ಲಿ ಮಕ್ಕಳು ಹೊಲದಲ್ಲಿಯೋ ದನಕುರಿಗಳ ಹಿಂದೆ ಬಯಲಿನಲ್ಲಿಯೋ ಇರುತ್ತಾರೆ. ಈರೋಡು ಜಿಲ್ಲೆಗೆ ಚೆನ್ನೈನ ಪ್ರಾದೇಶಿಕ ಹವಾಮಾನ ಕೇಂದ್ರ ಹೊರಡಿಸುವ ಎಚ್ಚರಿಕೆಗಳು ತಮಿಳು ಮತ್ತು ಇಂಗ್ಲಿಷಿನಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ತಾಯ್ತಂದೆಯರು ಅವುಗಳ ಅರ್ಥವನ್ನು ತಿಳಿದಿರುವುದು ಅವಶ್ಯ.

ಗುಡುಗು ಮೋಡ ಹುಟ್ಟುವ ಬಗೆ

ತಾಳವಾಡಿ ಮೈಸೂರು ಪ್ರಸ್ಥಭೂಮಿಯ ದಕ್ಷಿಣದ ಅಂಚಿನಲ್ಲಿದೆ. ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದ ಮೇಲೆಯೇ ಸತ್ಯಮಂಗಲದ ಬಯಲು. ಬೇಸಿಗೆಯ ಬಿಸಿಲಿಗೆ ನೆಲ ಕಾದಾಗ ಅದರ ಮೇಲಿನ ಗಾಳಿ ಹಗುರವಾಗಿ ಏರತೊಡಗುತ್ತದೆ. ಪಶ್ಚಿಮದ ಅರಬ್ಬೀ ಸಮುದ್ರದಿಂದಲೂ ಪೂರ್ವದ ಬಂಗಾಳ ಕೊಲ್ಲಿಯಿಂದಲೂ ಬರುವ ತೇವದ ಗಾಳಿ ಒಳನಾಡಿನಲ್ಲಿ ಸಂಧಿಸಿ, ಬೆಟ್ಟದ ಇಳಿಜಾರಿಗೆ ತಾಗಿ, ಇನ್ನೂ ಮೇಲಕ್ಕೆ ನೂಕಲ್ಪಡುತ್ತದೆ. ಹೀಗೆ ಬೆಳೆದ ಮೋಡ 12 ಕಿಲೋಮೀಟರಿಗೂ ಮಿಕ್ಕ ಎತ್ತರವನ್ನು ಮುಟ್ಟಬಲ್ಲದು. ಅದರೊಳಗೆ ಹಿಮದ ಕಣಗಳು ಒಂದಕ್ಕೊಂದು ತಾಗಿದಾಗ ವಿದ್ಯುತ್ತು ಸಂಚಯವಾಗಿ ಸಿಡಿಲಾಗುತ್ತದೆ. ಮಳೆಯೊಡನೆ ಧುಮುಕುವ ತಂಪು ಗಾಳಿಯೇ ಬಾಳೆತೋಟಗಳನ್ನು ನೆಲಕ್ಕೊರಗಿಸುವ ಬಿರುಗಾಳಿ. ಬೆಳಗ್ಗೆ ಶುಭ್ರವಾಗಿದ್ದ ಆಕಾಶ ಮಧ್ಯಾಹ್ನದ ನಂತರ ಕಪ್ಪಾಗುವುದು ಈ ಕಾರಣದಿಂದ.

ನಮ್ಮೂರಿನ ಹೆಸರು ಏಕೆ ಬರುವುದಿಲ್ಲ?

ಇಂತಹ ಒಂದು ಮೋಡದ ಅಗಲ ಕೆಲವೇ ಕಿಲೋಮೀಟರು. ಆಯುಸ್ಸು ಸಾಮಾನ್ಯವಾಗಿ ಒಂದು ಗಂಟೆಯೊಳಗೆ. ಹಾಸನೂರಿನಲ್ಲಿ ಸುರಿದ ಮಳೆ ತಾಳವಾಡಿಗೆ ಹನಿಯೂ ಬಾರದೆ ಹೋಗಬಹುದು. ಇಡೀ ಜಿಲ್ಲೆಯಲ್ಲಿ ಗುಡುಗು ಮಳೆಗೆ ಅನುಕೂಲ ಸ್ಥಿತಿ ಇದೆಯೆಂದು ಒಂದೆರಡು ದಿನ ಮೊದಲೇ ಹೇಳಬಹುದು. ಯಾವ ಊರಿನ ಮೇಲೆ ಎಂಬುದನ್ನು ಮೋಡ ಬೆಳೆಯತೊಡಗಿದ ಮೇಲಷ್ಟೇ ಹೇಳಲು ಸಾಧ್ಯ. ಆದ್ದರಿಂದ ಮುಂದಿನ 3 ಗಂಟೆಗಳಿಗಾಗಿ ಹೊರಡುವ ತಕ್ಷಣದ ಮುನ್ಸೂಚನೆಯೇ ಬೇಸಿಗೆಯಲ್ಲಿ ಹೆಚ್ಚು ಉಪಯುಕ್ತ. ಇದಕ್ಕೆ ಉಪಗ್ರಹದ ಚಿತ್ರಗಳೂ ರಾಡಾರೂ ಆಧಾರ. ಚೆನ್ನೈ, ಕಾರೈಕಾಲ್ ರಾಡಾರುಗಳು ದೂರದ ಪೂರ್ವ ಕರಾವಳಿಯಲ್ಲಿವೆ, ಕೊಚ್ಚಿಯದು ಪಶ್ಚಿಮ ಘಟ್ಟದಾಚೆ. ಭೂಮಿಯ ಬಾಗು ಮತ್ತು ಬೆಟ್ಟಗಳ ಅಡ್ಡಿಯಿಂದ ದೂರದ ರಾಡಾರಿಗೆ ಕೆಳಮಟ್ಟದ ಮೋಡ ಕಾಣುವುದಿಲ್ಲ. ಹಾಗಾಗಿ ನಮ್ಮ ಕಣ್ಣುಕಿವಿಗಳೂ ಎಚ್ಚರವಾಗಿರಬೇಕು.

ಎಚ್ಚರಿಕೆಯ ಮಾತುಗಳು

ತಮಿಳು ಪ್ರಕಟಣೆಯಲ್ಲಿ ‘ಓರಿರು ಇಡಂಗಳಿಲ್’ ಎಂದರೆ ಒಂದೆರಡು ಕಡೆ, ಅಂದರೆ ಮಳೆಮಾಪನ ಕೇಂದ್ರಗಳಲ್ಲಿ ಕಾಲುಭಾಗಕ್ಕೆ ಮೀರದಷ್ಟು. ‘ಪೆರುಂಬಾಲಾನ ಇಡಂಗಳಿಲ್’ ಎಂದರೆ ಬಹುತೇಕ ಕಡೆ, ಮುಕ್ಕಾಲುಭಾಗಕ್ಕೂ ಮಿಕ್ಕು. ‘ಇಡಿ ಮಿನ್ನಲ್’ ಗುಡುಗು ಮಿಂಚು. ‘ಕನಮಳೈ’ ಎಂದರೆ 24 ಗಂಟೆಗಳಲ್ಲಿ 64.5ರಿಂದ 115.5 ಮಿ.ಮೀ. ಮಳೆ, ‘ಮಿಗ ಕನಮಳೈ’ 204.4 ಮಿ.ಮೀ.ವರೆಗೆ; ‘ಅತಿ ಕನಮಳೈ’ ಅದಕ್ಕೂ ಮೇಲೆ. 65 ಮಿ.ಮೀ. ಮಳೆಯೆಂದರೆ ಒಂದು ಎಕರೆಯ ಮೇಲೆ ಸುಮಾರು 2.6 ಲಕ್ಷ ಲೀಟರ್ ನೀರು. ಬೇಸಿಗೆಯಲ್ಲಿ ಇದರ ಬಹುಪಾಲು ಒಂದೆರಡು ಗಂಟೆಗಳಲ್ಲೇ ಸುರಿಯಬಹುದು. ಹಳ್ಳಗಳು ಏಕಾಏಕಿ ಉಕ್ಕುವುದು ಆಗಲೇ.

ಬಣ್ಣಗಳಲ್ಲಿ ಹಳದಿ ಎಂದರೆ ಗಮನವಿಡಿ, ಕಿತ್ತಳೆ ಎಂದರೆ ಸಿದ್ಧರಾಗಿ, ಕೆಂಪು ಎಂದರೆ ಕೂಡಲೇ ಕ್ರಮ ಕೈಗೊಳ್ಳಿ. ಹಳದಿ ಬಣ್ಣವನ್ನು ಹಗುರವಾಗಿ ಕಾಣಬಾರದು. ಮಳೆ ಕಡಿಮೆಯಿದ್ದರೂ ಒಂದೇ ಸಿಡಿಲು ಪ್ರಾಣ ತೆಗೆಯಬಲ್ಲದು.

ಈರೋಡಿನ ಮುನ್ಸೂಚನೆ ಬಯಲಿಗೂ ಬೆಟ್ಟಕ್ಕೂ ಒಂದೇ. ನಮ್ಮ ನೆಲ ಚಾಮರಾಜನಗರದ ನೆಲಕ್ಕೆ ಹೊಂದಿಕೊಂಡಿರುವುದರಿಂದ, ಬೆಂಗಳೂರಿನ ಹವಾಮಾನ ಕೇಂದ್ರ ಚಾಮರಾಜನಗರ ಜಿಲ್ಲೆಗೆ ನೀಡುವ ಮುನ್ಸೂಚನೆಯನ್ನೂ ಜೊತೆಗಿಟ್ಟು ನೋಡುವುದು ಲೇಸು. ಎರಡೂ ಕಡೆ ಗುಡುಗಿನ ಎಚ್ಚರಿಕೆಯಿದ್ದ ದಿನ ಮಧ್ಯಾಹ್ನದೊಳಗೆ ಹೊಲದ ಕೆಲಸ ಮುಗಿಸಿಕೊಳ್ಳಿ. ಆದರೆ ಶಾಲಾ ರಜೆ, ರಸ್ತೆ ತಡೆ ಮುಂತಾದ ಆಡಳಿತದ ಆದೇಶಗಳಿಗೆ ಈರೋಡು ಜಿಲ್ಲಾಡಳಿತದ ಮಾತೇ ಅಂತಿಮ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ಸುತ್ತಮುತ್ತ ಬೀಳುತ್ತಿರುವ ಸಿಡಿಲನ್ನು ಮೊಬೈಲಿನಲ್ಲಿ ತೋರಿಸುತ್ತದೆ.

ಮಕ್ಕಳಿಗೆ ಕಲಿಸಬೇಕಾದ ಲೆಕ್ಕ

ಮಿಂಚು ಕಂಡೊಡನೆ ಎಣಿಸಲು ಆರಂಭಿಸಬೇಕು. ಶಬ್ದ 1 ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು 10 ಕಿಲೋಮೀಟರಿನೊಳಗಿದೆ; ಗಟ್ಟಿ ಮನೆಯೊಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಹೊರಬರಬಾರದು. ಹುಣಸೆ, ಹೊಂಗೆ ಮರಗಳ ಕೆಳಗೆ ನಿಲ್ಲಬಾರದು. ಆನೆ ತಡೆಯಲು ಹಾಕಿದ ತಂತಿಬೇಲಿಯನ್ನೂ ಪಂಪ್‌ಸೆಟ್ಟನ್ನೂ ಮುಟ್ಟಬಾರದು. ಉಕ್ಕುವ ಹಳ್ಳವನ್ನು ದಾಟಬಾರದು. ಸಿಡಿಲು ಬಡಿದವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಅಂಜದೆ ಮುಟ್ಟಿ ಉಪಚರಿಸಿ 108ಕ್ಕೆ ಕರೆ ಮಾಡಿ. ವಿಪತ್ತಿನ ಮಾಹಿತಿಗೆ ಜಿಲ್ಲಾ ಸಹಾಯವಾಣಿ 1077.

ಜೀವ ಉಳಿಸುವ ಎಚ್ಚರಿಕೆ ಜನರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು ಕೇಳುವುದು ಯಾರ ವಿರುದ್ಧವೂ ಅಲ್ಲ. ಸಂವಿಧಾನದ 350ನೇ ವಿಧಿಯ ಪ್ರಕಾರ, ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗಳಿಗೆ ಅಹವಾಲು ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ತಾಳವಾಡಿ ಬೆಟ್ಟದ ಊರುಗಳಿಗೆ ಗುಡುಗು ಮಳೆಯ ಎಚ್ಚರಿಕೆಯನ್ನು ಕನ್ನಡದಲ್ಲಿಯೂ ಕಳುಹಿಸಬೇಕೆಂದು ಪ್ರತಿ ಶಾಲೆಯ ಪೋಷಕರು ಕನ್ನಡದಲ್ಲಿಯೇ ಒಂದು ಮನವಿ ಬರೆದು ಜಿಲ್ಲಾಧಿಕಾರಿಗಳಿಗೆ ಸಲ್ಲಿಸಲಿ. ಅದು ಈಡೇರುವವರೆಗೆ, ತಮಿಳು ಓದಬಲ್ಲ ಮಕ್ಕಳು ದಿನದ ಎಚ್ಚರಿಕೆಯನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಲಿ.